ಹಿಂದಕ್ಕೆ ಸರಿಯದ ಸಾರೋಟು

ಕೇಳ್ರಪ್ಪ, ಕೇಳ್ರಮ್ಮ. ಹತ್ತಿರ ಬಂದು ಕೂತ್ಕೊಳ್ಳಿ. ಕಥೆ ನಿಜವೋ ಸುಳ್ಳೋ ನನ್ನ ಕೇಳಬೇಡಿ, ನನಗೆ ಹೇಳಿದೋರನ್ನ ಕೇಳಿ, ಅವರೀಗ ಇಲ್ಲ. ಒಂದಾನೊಂದು ಕಾಲದಲ್ಲಿ, ಹೆಸರು ಮರೆತುಹೋದ ಒಂದು ಸೀಮೆ. ಸೀಮೆಗೊಬ್ಬ ರಾಜ. ರಾಜನಿಗೊಂದು ಸಾರೋಟು.

ಎಂಥಾ ಸಾರೋಟು ಅಂತೀರಿ! ಮೂರು ತಲೆಮಾರಿನ ಬಡಗಿಗಳು ಮಾಡಿದ್ದು. ಅಜ್ಜ ಚಕ್ರ ಕಟ್ಟಿದ, ಮಗ ಬಾಗಿಲ ಮೇಲೆ ನವಿಲು ಕೆತ್ತಿದ, ಮೊಮ್ಮಗ ಮೈತುಂಬ ಚಿನ್ನದ ರೇಕು ಹೊದಿಸಿದ. ಆ ನವಿಲಿನ ಕಣ್ಣು ಹೆಂಗಿತ್ತು ಅಂದ್ರೆ, ನೀವು ಅತ್ತ ಹೋದ್ರೆ ಅತ್ತ, ಇತ್ತ ಬಂದ್ರೆ ಇತ್ತ ನೋಡ್ತಿತ್ತು. ಮದುವೆಗೂ ಅದೇ ಸಾರೋಟು, ಪಟ್ಟಕ್ಕೂ ಅದೇ, ದಸರೆಗೂ ಅದೇ.

ಆದ್ರೆ ಒಂದು ಕಟ್ಟಳೆ ಇತ್ತು. ಏನು? ರಾಜರ ಸಾರೋಟು ಹಿಂದಕ್ಕೆ ಸರಿಯಬಾರದು. ಸರಿದರೆ ಅದರ ಒಡೆಯನ ಸಿಂಹಾಸನವೂ ಸರಿದಂಗೆ. ಒಂದ್ಸಲ ಕುಂಬಾರಗೇರಿಯಲ್ಲಿ ಎಮ್ಮೆ ಅಡ್ಡ ಮಲಗ್ತು. ಎಮ್ಮೆ ಏಳಲಿಲ್ಲ, ಸಾರೋಟು ಸರೀಲಿಲ್ಲ. ರಾಜ ಏನ್ಮಾಡ್ದ? ಎಮ್ಮೆಗೆ ಮನಸ್ಸು ಬರೋವರೆಗೂ ಅಲ್ಲೇ ಕೂತು ಕುಂಬಾರರ ಮನೆ ರೊಟ್ಟಿ ತಿಂದ.

ಹಿಂಗಿರುವಾಗ ಹೊಳೆಯಾಚೆಯ ರಾಜ ದಂಡೆತ್ತಿ ಬಂದ, ಗೆದ್ದ. ಗೆದ್ದೋನು ಊರು ಕೇಳಲಿಲ್ಲ, ಹೊಲ ಕೇಳಲಿಲ್ಲ, ಸಾರೋಟು ಕೇಳಿದ. ಇವತ್ತಿಂದ ಅದು ನನ್ನದು, ನಾಳೆ ಅದರಲ್ಲೇ ನನ್ನೂರಿಗೆ ಮೆರವಣಿಗೆ ಹೋಗ್ತೀನಿ ಅಂತ ಡಂಗುರ ಹೊಡೆಸಿದ. ಊರಿಗೂರೇ ಅತ್ತಿತು. ಸೋತ ರಾಜನ ತಾಯಿ ಸಿರಿಯಮ್ಮ ಮಾತ್ರ ಅಳಲಿಲ್ಲ. ಮದುವಣಗಿತ್ತಿಯಾಗಿ ಆ ಸಾರೋಟಲ್ಲೇ ಬಂದು ಇಳಿದೋಳು ಅವಳು. ಅದು ಹೋದ್ರೆ ತವರನ್ನ ಇನ್ನೊಂದ್ಸಲ ಬಿಟ್ಟಂಗೆ. ಸಾರೋಟು ಹೊಡೆಯೋ ಬೀರಣ್ಣನ್ನ ಕರೆದು, ಆನೆ ಲಾಯದೊಳಕ್ಕೆ ನೇರ ಹೊಡೆದು ಕುದುರೆ ಬಿಚ್ಚು ಅಂದ್ಲು. ಆ ಲಾಯದಲ್ಲಿ ಸಾರೋಟು ತಿರುಗಿಸೋಕೆ ಜಾಗವಿಲ್ಲ. ಬಾಗಿಲು ಒಂದೇ. ಲಾಯದ ಹಿಂಬದಿ ಬೆಟ್ಟದ ಬಂಡೆ.

ಬೆಳಗ್ಗೆ ಹೊಳೆಯಾಚೆಯ ರಾಜ ಬಂದ. ಹಗ್ಗ ಕಟ್ಟಿ ಈಚೆಗೆ ಎಳೀರಿ ಅಂದ.

"ಎಳೆಸಪ್ಪಾ," ಅಂದ್ಲು ಸಿರಿಯಮ್ಮ. "ಮೊನ್ನೆವರೆಗೆ ಅದು ನನ್ನ ಮಗನದು. ಹಿಂದಕ್ಕೆ ಸರಿದಿದ್ರೆ ಕೇಡು ಅವನಿಗಿತ್ತು. ಈಗ ಒಡೆಯ ನೀನು."

ಹಗ್ಗ ಹಿಡಿದ ಆಳುಗಳು ಹಗ್ಗ ಬಿಟ್ರು. ಗೆದ್ದ ರಾಜನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನ ಸೇನಾಪತಿ, ಒಡೆದು ತುಂಡು ಮಾಡಿ ಗಾಡಿಗೆ ಹೇರೋಣ ಅಂದ. ರಾಜ ಕೊಡಲಿ ಇಸ್ಕೊಂಡು ಹತ್ತಿರ ಹೋದ. ಬಾಗಿಲಿಂದ ಎಳೆಬಿಸಿಲು ಬಿತ್ತು. ನವಿಲು ಅವನನ್ನೇ ನೋಡ್ತು. ಕೇಳಿ, ಕೇಳಿ: ಒಂದು ಗಳಿಗೆ ನಿಂತ, ಇನ್ನೊಂದು ಗಳಿಗೆ ನಿಂತ, ಮೂರನೇ ಗಳಿಗೆಗೆ ಕೊಡಲಿ ಕೆಳಗಿಟ್ಟ.

"ಇಂಥಾದ್ದು ನನಗೆ ಸಿಗದಿದ್ರೂ ಪರವಾಗಿಲ್ಲ ತಾಯಿ, ಇಲ್ಲದಂಗೆ ಆಗಬಾರದು," ಅಂದ. "ಇಲ್ಲೇ ಇರಲಿ. ನೋಡಬೇಕು ಅಂತ ಬಂದೋರಿಗೆ ಬಾಗಿಲು ಮುಚ್ಚಬೇಡಿ."

ಆವತ್ತು ತೆಗೆದ ಬಾಗಿಲು ಇವತ್ತಿಗೂ ತೆಗೆದೇ ಇದೆ. ಈಗ ಆ ಲಾಯಕ್ಕೆ ಮ್ಯೂಸಿಯಂ ಅಂತಾರೆ. ಹೊರಟಾಗ ಆ ರಾಜ ಏನ್ಮಾಡ್ದ ಗೊತ್ತಾ? ನವಿಲಿನಿಂದ ಕಣ್ಣು ಕೀಳೋಕಾಗದೆ, ಬಾಗಿಲವರೆಗೂ ತಾನೇ ಹಿಂದ್ಹಿಂದಕ್ಕೆ ಹೆಜ್ಜೆ ಇಟ್ಟ. ನೋಡೋಕೆ ಹೋದೋರೆಲ್ಲ ಇವತ್ತಿಗೂ ಹಂಗೇ ಈಚೆಗೆ ಬರ್ತಾರೆ. ಸಾರೋಟು ಮಾತ್ರ ಹಿಂದಕ್ಕೆ ಸರಿದಿಲ್ಲ.

ಅದು ಅಲ್ಲಿ ಚೆಂದಾಗಿರಲಿ, ನಾವು ಇಲ್ಲಿ ಚೆಂದಾಗಿರೋಣ. ನನ್ನ ಬಾಯಿ ಒಣಗ್ತು, ಎಲೆ ಅಡಿಕೆ ಯಾರ ಹತ್ರ ಇದೆ?