ಹೊಲಿಯದೆ ತೊಟ್ಟ ಅಂಗಿ

ಬ್ರೈನಾ ಅವರೇ, ಗೆಟ್ಸಲ್ ಅವರ ತಂಗಿ ಹೆನ್ಯಾ ಅವರೇ, ಮಾಂಟ್ರಿಯಲ್‌ನ ಈ ಹಿಮದಲ್ಲೂ ಗೆಟ್ಸಲ್ ಅವರನ್ನು ನೆನೆಯಲು ಬಂದು ಕೂತಿರುವ ಸ್ನೇಹಿತರೇ —

ನಾನು ಬರೆದುಕೊಂಡ ಮಾತು ನಾಲ್ಕು ಹಾಳೆಯಷ್ಟಿದೆ. ಅದರಲ್ಲಿ ಒಂದು ಹಾಳೆಯನ್ನು ಇವತ್ತು ಬೆಳಿಗ್ಗೆ ಬೇಕೆಂದೇ ಮನೆಯಲ್ಲಿ ಬಿಟ್ಟು ಹೊರಟಿದ್ದೆ. ಬಸ್ ನಿಲ್ದಾಣದವರೆಗೆ ಬಂದು, ನಿಂತು, ವಾಪಸು ಹೋಗಿ ತಂದೆ. ಅದನ್ನೇ ಮೊದಲು ಓದುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಧೈರ್ಯ ಸಾಲುವುದಿಲ್ಲ.

ಈಗ ತಾನೇ ನಮ್ಮ ಗಾಯಕರ ಬಳಗ ಅಂಗಿಯ ಹಾಡನ್ನು ಹಾಡಿತು. ಬ್ರೈನಾ ಅವರೇ ಕೇಳಿ ಹಾಡಿಸಿದ್ದು. ಮೂರು ಚರಣ. ತಾಯಿ ಮಗುವಿನ ಅಳತೆ ತೆಗೆಯುತ್ತಾಳೆ. ಬಟ್ಟೆ ಕತ್ತರಿಸುತ್ತಾಳೆ. ಮಗು ಅಂಗಿ ತೊಟ್ಟು ಬೀದಿಗೆ ಓಡುತ್ತದೆ. ಸರಿ — ಹೊಲಿದವರು ಯಾರು? ಇಲ್ಲಿರುವ ಅರ್ಧ ಜನರ ತಂದೆತಾಯಿ ಈ ಊರಿನ ಹೊಲಿಗೆ ಕಾರ್ಖಾನೆಗಳಲ್ಲಿ ಬೆನ್ನು ಬಗ್ಗಿಸಿದವರು. ಆದರೂ ಹದಿನೇಳು ವರ್ಷಗಳಿಂದ ನಾವು ಆ ಮಗುವಿಗೆ ಹೊಲಿಯದ ಅಂಗಿ ತೊಡಿಸುತ್ತಿದ್ದೇವೆ. ಯಾರೂ ಕೇಳಲಿಲ್ಲ.

ಹೊಲಿಗೆಯ ಚರಣವನ್ನು ಕತ್ತರಿಸಿದವಳು ನಾನು. ಗೆಟ್ಸಲ್ ಅಲ್ಲ. ಈ ಮಾತನ್ನು ಅವರು ಬದುಕಿದ್ದಾಗ ಹೇಳಬೇಕಿತ್ತು.

ಇನ್ನು ಅವರ ಬಗ್ಗೆ ಹೇಳುತ್ತೇನೆ.

ಆ ಕಾಲದಲ್ಲಿ ಟೇಪ್ ರೆಕಾರ್ಡರ್ ಎಂದರೆ ಒಂದು ಪೆಟ್ಟಿಗೆ — ಇಷ್ಟು ದೊಡ್ಡದು. ಅದನ್ನು ಹೊತ್ತು ಗೆಟ್ಸಲ್ ಮೂರು ಮೂರು ಮಹಡಿ ಹತ್ತುತ್ತಿದ್ದರು, ಹೊರಗಿನ ಕಬ್ಬಿಣದ ಮೆಟ್ಟಿಲು, ಮೇಲೆ ಮಂಜುಗಡ್ಡೆ. ಬಾಗಿಲು ತೆಗೆದ ಹೆಂಗಸರು ಪೆಟ್ಟಿಗೆ ನೋಡಿ, "ಬೇಡಪ್ಪಾ, ನಮ್ಮನೇಲಿ ಪೊರಕೆ ಇದೆ" ಎಂದು ಮುಚ್ಚಲು ಹೋಗುತ್ತಿದ್ದರಂತೆ. ಕಸ ಹೀರುವ ಯಂತ್ರ ಮಾರುವವನೆಂದು! "ಮಾರೋಕೆ ಬಂದಿಲ್ಲಮ್ಮಾ, ಕೇಳೋಕೆ ಬಂದಿದ್ದೀನಿ" ಅನ್ನುತ್ತಿದ್ದರು ಇವರು. "ಏನನ್ನ?" "ನಿಮ್ಮಮ್ಮ ನಿಮಗೆ ಹಾಡಿದ್ದನ್ನ." ಆಮೇಲೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಆದರೆ ಹಾಡು ಮೊದಲಲ್ಲ, ಊಟ ಮೊದಲು. ಖಾಲಿ ಹೊಟ್ಟೆಯವನಿಗೆ ಯಾರೂ ಹಾಡುತ್ತಿರಲಿಲ್ಲ. ದಿನಕ್ಕೆ ನಾಲ್ಕು ಮನೆ ಎಂದರೆ ನಾಲ್ಕು ಮನೆಯ ಆಲೂಗಡ್ಡೆ ಕುಗೆಲ್. ಬ್ರೈನಾ ಅವರು ನನಗೆ ಹೇಳಿದ್ದರು — "ಮದುವೆಯಾದ ಹೊಸದರಲ್ಲಿ ಮನೆಗೆ ಬಂದು ಊಟ ಬೇಡ ಅಂತಿದ್ದ. ಬೇರೆ ಯಾರೋ ಇದಾಳೆ ಅಂದ್ಕೊಂಡೆ. ನೋಡಿದ್ರೆ ನೂರಾರು ಜನ, ಎಲ್ಲರೂ ಎಪ್ಪತ್ತು ದಾಟಿದವರು!"

ನಗಿ, ನಗಿ. ಅವರಿದ್ದರೆ ಅವರೂ ನಗುತ್ತಿದ್ದರು.

ಯಂತ್ರ ಚಾಲೂ ಮಾಡಿದ ಮೇಲೆ ಅವರು ಹಾಡಿನ ಹೆಸರು ಕೇಳುತ್ತಿರಲಿಲ್ಲ. "ಯಾರಿಂದ ಕಲಿತದ್ದು?" — ಅದೇ ಮೊದಲ ಪ್ರಶ್ನೆ. ಮೂರು ಸಾವಿರ ಹಾಡು, ಮೂರು ಸಾವಿರ ಸಲ ಅದೇ ಪ್ರಶ್ನೆ. ಕಲಿಸಿದವರಲ್ಲಿ ಹೆಚ್ಚಿನವರು ಯುದ್ಧದಲ್ಲಿ ಹೋದ ಯೆಹೂದಿಗಳು, ಅವರಿಗೆ ಸಮಾಧಿಯೂ ಇಲ್ಲ, ಗೊತ್ತಲ್ಲ. ಹಾಡಿನ ಚೀಟಿಯ ಮೇಲಾದರೂ ಅವರ ಹೆಸರು ಇರಲಿ ಎನ್ನುತ್ತಿದ್ದರು.

ಅವರ ಹಾಡುಗಳ ಸಂಗ್ರಹಾಲಯದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮೂವತ್ತು ತುಂಬಿರಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನಮ್ಮ ಮನೆಯಲ್ಲಿ ಯಿಡ್ಡಿಷ್ ಎಂದರೆ, ಮಕ್ಕಳಿಗೆ ತಿಳಿಯಬಾರದ್ದನ್ನು ದೊಡ್ಡವರು ಮಾತಾಡಿಕೊಳ್ಳುವ ಭಾಷೆ. ಅದನ್ನು ಪುಸ್ತಕದಿಂದ ಕಲಿತು ಬಂದಿದ್ದೆ. ಕಂಪ್ಯೂಟರ್ ಬರುತ್ತದೆ ಎಂಬುದೊಂದೇ ನನ್ನ ಅರ್ಹತೆ. ಆ ಚಳಿಗಾಲ ಗೆಟ್ಸಲ್ ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದರು. ಹಳೆಯ ಟೇಪುಗಳಿಂದ ಸಿ.ಡಿ. ತಯಾರಿಸುವ ಕೆಲಸ ಪೂರಾ ನನ್ನ ಕೈಗೆ ಬಂತು.

ಅದರಲ್ಲೊಂದು ಫ್ರೂಮಾ ಎಂಬ ಹೆಂಗಸಿನ ಟೇಪು. ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿಗೆ ಕಾಜಾ ಹಾಕುವ ಕೆಲಸದವಳು, ಯುದ್ಧ ಮುಗಿದ ಮೇಲೆ ಹಡಗಿನಲ್ಲಿ ಬಂದವಳು. ೧೯೭೪ರಲ್ಲಿ ಅವಳ ಅಡುಗೆಮನೆಯಲ್ಲಿ ಗೆಟ್ಸಲ್ ಧ್ವನಿಮುದ್ರಿಸಿದ್ದು. ಅಂಗಿಯ ಹಾಡಿನ ಎರಡು ಚರಣ ಹಾಡುತ್ತಾಳೆ. ನಿಲ್ಲಿಸುತ್ತಾಳೆ. ನಲವತ್ತು ಸೆಕೆಂಡು ಮಾತಿಲ್ಲ — ಮೇಜಿನ ಕೆಳಗೆ ಚಪ್ಪಲಿ ಮಾತ್ರ ನೆಲಕ್ಕೆ ತಟ್ಟುತ್ತಿರುತ್ತದೆ. ಆಮೇಲೆ ಕೊನೆಯ ಚರಣ. ಪಾಪ, ಮುದುಕಿಗೆ ಮರೆತಿದೆ ಅಂದುಕೊಂಡೆ. ಕಂಪ್ಯೂಟರಿನಲ್ಲಿ ಆ ಜಾಗವನ್ನು ಕತ್ತರಿಸಿ ಜೋಡಿಸಿದೆ. ಜೋಡಣೆ ಎಷ್ಟು ಚೆನ್ನಾಗಿ ಬಂತೆಂದು ಹೆಮ್ಮೆಪಟ್ಟೆ. ಚೀಟಿಯ ಮೇಲೆ ಬರೆದೆ: "ಮೂರನೆಯ ಚರಣ ಗಾಯಕಿಗೆ ಮರೆತಿದೆ." ನಮ್ಮ ಬಳಗ ಈ ಹಾಡು ಕಲಿತದ್ದು ಆ ಸಿ.ಡಿ.ಯಿಂದಲೇ.

ಸಿ.ಡಿ. ಮೆಲ್ಬೋರ್ನ್‌ಗೆ, ಫ್ರೂಮಾಳ ಮಗಳು ಲೂಬಾಗೆ ಹೋಯಿತು. ಅವಳಿಂದ ಕಾಗದ ಬಂತು. ಗೆಟ್ಸಲ್ ಚೇತರಿಸಿಕೊಂಡು ಕೆಲಸಕ್ಕೆ ಬಂದಿದ್ದರು. ಅವರೇ ಗಟ್ಟಿಯಾಗಿ ಓದಿದರು.

"ಮೂರನೇ ಚರಣ ನನ್ನ ಚಿಕ್ಕಮ್ಮ ಶ್ಪ್ರಿಂಟ್ಸಾಳದು. ಅವಳಿಗೆ ಆರು ವರ್ಷ, ಅವಳಿಗೆ ಬರ್ತಿದ್ದದ್ದು ಅದೊಂದೇ. ಯುದ್ಧದಲ್ಲಿ ಅವಳು ಹೋದ ಮೇಲೆ ಅಮ್ಮ ಆ ಸಾಲು ಯಾವತ್ತೂ ಹಾಡಲಿಲ್ಲ. ಕಾಲಲ್ಲಿ ತಾಳ ಹಾಕ್ತಾ, ಅವಳು ಹಾಡಿ ಮುಗಿಸೋವರೆಗೂ ಕಾಯ್ತಿದ್ದಳು. ನಿಮ್ಮೆದುರು ಕಾಯಲಿಲ್ಲವಾ? ಚಿಕ್ಕಮ್ಮಂದು ಅಂತ ನಮ್ಮ ಹತ್ತಿರ ಒಂದು ಫೋಟೋ ಕೂಡ ಇಲ್ಲ. ಇದ್ದದ್ದು ಆ ಜಾಗ ಒಂದೇ. ದಯವಿಟ್ಟು ಅದನ್ನ ಕಳಿಸಿಕೊಡಿ."

ಇದನ್ನೆಲ್ಲ ಫ್ರೂಮಾ ಟೇಪಿನ ಆರಂಭದಲ್ಲೇ ಹೇಳಿದ್ದಳು. "ಯಾರಿಂದ ಕಲಿತದ್ದು?" ಎಂದು ಗೆಟ್ಸಲ್ ಕೇಳಿಯೇ ಇದ್ದರಲ್ಲ. ಅವಳ ಊರಿನ ವೇಗದ ಮಾತು ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಗೆಟ್ಸಲ್ ಕನ್ನಡಕ ತೆಗೆದರು. "ಡೀನೆಲೆ" — ಪುಟ್ಟ ಡೀನಾ, ನನ್ನನ್ನು ಹಾಗೇ ಕರೆಯುತ್ತಿದ್ದರು — "ಆ ಟೇಪ್ ಎಲ್ಲಿ?"

"ಹಳೇದು, ತುಂಡಾಗೋಯ್ತು. ಎಸೆದುಬಿಟ್ಟೆ" ಅಂದೆ.

ಅದು ಸುಳ್ಳು. ಟೇಪು ನನ್ನ ಮೇಜಿನ ಮೇಲೇ ಇತ್ತು, ಒಂದು ಫೈಲಿನ ಕೆಳಗೆ. ತಪ್ಪು ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯವೇ? ಹಾಗೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಭಾಷೆ ನನ್ನದಲ್ಲ ಎಂದು ಅವರಿಗೆ ತಿಳಿದುಬಿಡುತ್ತದಲ್ಲ ಎಂಬ ನಾಚಿಕೆ.

ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಸರಿ. ಟೇಪಿಗೂ ವಯಸ್ಸಾಗುತ್ತೆ" ಅಂದರು. ಲೂಬಾಗೆ ತಾವೇ ಉತ್ತರ ಬರೆದರು — "ಆ ದಿನ ನನ್ನ ಯಂತ್ರ ನಡುವೆ ನಿಂತುಬಿಟ್ಟಿತ್ತು, ತಪ್ಪು ನನ್ನದು, ಕ್ಷಮಿಸಿ." ಕೆಳಗೆ ಅವರ ಸಹಿ. ಲಕೋಟೆ ಅಂಟಿಸಿದವಳು ನಾನು.

ಟೇಪನ್ನು ಎಸೆಯಲಾಗಲಿಲ್ಲ. ನನ್ನ ಮೇಜಿನ ಕೆಳಖಾನೆಯಲ್ಲಿ, ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿಟ್ಟೆ. ಮತ್ತೆ ಆ ಕಡೆ ನೋಡಲೇ ಇಲ್ಲ.

ಅವರು ಹೋಗಿ ಒಂದು ವಾರವಾದ ಮೇಲೆ ಖಾನೆ ತೆಗೆದೆ. ಟೇಪಿನ ಡಬ್ಬಿಯ ಮೇಲೆ ಪೆನ್ಸಿಲ್ ಬರಹ. ಗೆಟ್ಸಲ್ ಅವರದು. "ಮೂರನೆಯ ಚರಣ: ಶ್ಪ್ರಿಂಟ್ಸಾ." ಅದರ ಕೆಳಗೆ ಲೂಬಾಳ ವಿಳಾಸ. ಅದನ್ನು ಹೊಡೆದುಹಾಕಿ ಇನ್ನೊಂದು ವಿಳಾಸ. ಅದನ್ನೂ ಹೊಡೆದುಹಾಕಿ ಮೂರನೆಯದು — ಅದೊಂದು ವೃದ್ಧಾಶ್ರಮ. ಅಕ್ಷರ ನಡುಗಿದೆ. ಪಕ್ಕದಲ್ಲಿ, "ಅವಳ ಹತ್ತಿರ ಕ್ಯಾಸೆಟ್ ಹಾಕೋ ಯಂತ್ರ ಮಾತ್ರ ಇದೆ. ಕ್ಯಾಸೆಟ್ ಮಾಡು."

ಹದಿನೇಳು ವರ್ಷ. ಲೂಬಾ ಮನೆ ಬದಲಿಸಿದಾಗಲೆಲ್ಲ ಅವರು ನನ್ನ ಖಾನೆ ತೆರೆದು ವಿಳಾಸ ತಿದ್ದಿದ್ದಾರೆ. ನನ್ನನ್ನು ಒಂದು ಮಾತೂ ಕೇಳಿಲ್ಲ.

ತಾವೇ ಯಾಕೆ ಕಳಿಸಲಿಲ್ಲ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದೊಂದು ದಿನ ಅವರ ಮೇಲೆ ಸಿಟ್ಟೂ ಬರುತ್ತದೆ — ನನಗಾಗಿ ಕಾಯುತ್ತ ಆ ಹೆಂಗಸನ್ನು ಕಾಯಿಸಿದರಲ್ಲ ಎಂದು. ಬ್ರೈನಾ ಅವರನ್ನು ಕೇಳಿದೆ. "ಅವನು ಯಾರ ಬಾಯಿಂದಲೂ ಹಾಡು ಕಿತ್ತುಕೊಂಡವನಲ್ಲ ಕಣೇ. ಕೂತು ತಿಂತಿದ್ದ, ಕಾಯ್ತಿದ್ದ" ಅಂದರು. ಅಷ್ಟೇ.

ಲೂಬಾಗೆ ಈಗ ಎಪ್ಪತ್ತೊಂಬತ್ತು. ಮೊನ್ನೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನನ್ನ ಮುರುಕು ಯಿಡ್ಡಿಷಿನಲ್ಲೇ. ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ಬೈಯೋದು ಆಮೇಲೆ ಬೈತೀನಿ. ಮೊದ್ಲು ಕಳಿಸು" ಅಂದಳು.

ಚೀಟಿಯನ್ನು ತಿದ್ದಿದ್ದೇನೆ. ಕ್ಯಾಸೆಟ್ ಸಿದ್ಧವಾಗಿದೆ. ಪೊಟ್ಟಣ ಇಗೋ, ಈ ಮೇಜಿನ ಮೇಲಿದೆ. ಹೋಗುವಾಗ ಬೇಕಿದ್ದರೆ ವಿಳಾಸ ಓದಿ ನೋಡಿ, ನೀವೇ ಸಾಕ್ಷಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಕೂತೇ ಇರಬೇಕಾದವರು ಕೂತಿರಿ. ಮೌನವನ್ನು ಗಡಿಯಾರ ನೋಡಿ ಅಳೆಯುವುದು ಬೇಡ. ಫ್ರೂಮಾಳ ಟೇಪು ಹಾಕುತ್ತೇನೆ, ಎರಡನೆಯ ಚರಣ ಮುಗಿದ ಜಾಗದಿಂದ. ಚಪ್ಪಲಿಯ ಸದ್ದು ಕೇಳುತ್ತದೆ. ಗೆಟ್ಸಲ್ ಆ ಅಡುಗೆಮನೆಯಲ್ಲಿ, ಮೇಜಿನ ಈಚೆ ಬದಿಯಲ್ಲಿ ಇದನ್ನೇ ಕೇಳುತ್ತ ಕೂತಿದ್ದರು. ಅವರಿಗಾಗಿ, ಆ ಪುಟ್ಟ ಹುಡುಗಿಗಾಗಿ — ಅವಳು ಹೊಲಿದು ಮುಗಿಸುವವರೆಗೆ ನಿಂತಿರೋಣ. ಫ್ರೂಮಾ ಕೊನೆಯ ಚರಣ ಎತ್ತಿಕೊಂಡಾಗ ಕೂತುಕೊಳ್ಳಿ.

ಪೊಟ್ಟಣವನ್ನು ಅಂಚೆಗೆ ಹಾಕುವುದು ನಾಳೆ. ಸೋಮವಾರ, ಫೆಬ್ರವರಿ ಹದಿನಾರು.