ಮಳೆಗಾಲಕ್ಕೆ ಎತ್ತಿಟ್ಟ ವಿಶೇಷಾಂಕ

ಟವೆಲ್ ಬೇಡ ಶೀತಲ್, ನೆಂದಿರೋದು ನಾನಲ್ಲ, ಇದು. ಸೆರಗಲ್ಲಿ ಮುಚ್ಕೊಂಡು ಬಂದ್ರೂ ಅಂಚು ಒದ್ದೆಯಾಯ್ತು ನೋಡು. ದೀಪಾವಳಿ ವಿಶೇಷಾಂಕ... ಯಾಕೆ ಹಾಗೆ ನೋಡ್ತೀಯ? ಇಲಿ ತಿಂದುಬಿಡ್ತು ಅಂದ್ಯಲ್ಲ, ಅದೇ. ನಿಮ್ಮನೆ ಇಲಿ ಬಿಟ್ಟಿದ್ದು ಹಲಸೂರು ಬಜಾರಲ್ಲಿ ಮುನಿರಾಜಪ್ಪನ ಹಳೇ ಪೇಪರ್ ಅಂಗಡೀಲಿ ಸಿಕ್ತು.

ಕಾಫಿ ಆಮೇಲೆ. ಕೂತ್ಕೋ.

ನನ್ನ ಓದಿನ ಪಂಚಾಂಗ ನಿನಗೆ ಬಾಯಿಪಾಠ ಅಲ್ವಾ? ಬೇಸಿಗೆಗೆ ಪತ್ತೇದಾರಿ. ಬ್ಯಾಂಕ್ ಇನ್ಸ್‌ಪೆಕ್ಷನ್ ಅಂತ ರೈಲಲ್ಲೇ ಬದುಕೋ ನನಗೆ ಅದೇ ಸರಿ, ಕೊಲೆಗಾರ ಸಿಕ್ಕಿದ ಊರಲ್ಲೇ ಪುಸ್ತಕಾನ ಸೀಟಿನ ಮೇಲೆ ಬಿಟ್ಟು ಇಳಿದ್ಬಿಡಬಹುದು. ಚಳಿಗೆ ತೆಳ್ಳಗಿನ ಪುಸ್ತಕ. ಉತ್ತರದ ಲಾಡ್ಜುಗಳಲ್ಲಿ ರಗ್ಗಿಂದ ಒಂದು ಕೈಗಿಂತ ಹೆಚ್ಚು ಆಚೆ ತೆಗೆಯೋಕಾಗಲ್ಲ. ಕನ್ನಡ ಓದೋದು ಮಾತ್ರ ಮಳೆಗೆ, ಟೂರ್ ನಿಂತಾಗ, ಇಲ್ಲಿ ಜೋಗುಪಾಳ್ಯದಲ್ಲಿ ಕಾಲು ಚಾಚಿ. ಅದಕ್ಕೇ ನೀನು ವರ್ಷವರ್ಷ ದೀಪಾವಳಿ ಸಂಚಿಕೆನ ನನಗೆ ಅಂತ ಎತ್ತಿಡ್ತಿದ್ದೆ. ಊರೆಲ್ಲ ಪಟಾಕಿ ಹೊಗೇಲಿ ಓದಿದ್ದನ್ನ ನಾನು ಆಷಾಢದಲ್ಲಿ ಓದ್ತೀನಿ ಅಂತ ನೀನು ನಗ್ತಿದ್ದೆ.

ಈಗ ಯಾಕೆ ನಗ್ತಿಲ್ಲ?

ಚೆನ್ನಾಗಿದೆ ಕಣೇ ಇದರಲ್ಲಿ ಬಂದಿರೋ ನಿನ್ನ ಕಥೆ. ಸುಮ್ನೆ ಹೇಳ್ತಿಲ್ಲ. ಹೆಸರು ಬದಲಾಯಿಸಿದೀಯ, ಬ್ಯಾಂಕಿನೋಳನ್ನ ಸೀರೆ ವ್ಯಾಪಾರದೋಳು ಮಾಡಿದೀಯ, ಬೆಂಗಳೂರನ್ನ ಹುಬ್ಬಳ್ಳಿಗೆ ಕಳಿಸಿದೀಯ. ಆದ್ರೆ ಆ ಫ್ರಾಕು... ಅದನ್ನ ಯಾಕೆ ಹಾಗೇ ಇಟ್ಟೆ? ಅವಳು ಊರೂರಿಂದ ತರೋ ಫ್ರಾಕು ಪ್ರತಿ ಸಲ ಒಂದಳತೆ ಚಿಕ್ಕದು. ಯಾಕಂದ್ರೆ ಕೊನೇ ಸಲ ನೋಡಿದಾಗಿನ ಮಗೂನೇ ಅವಳ ಕಣ್ಣಲ್ಲಿ ಇರುತ್ತೆ. ಎಂಥ ಸಾಲು! ನನ್ನ ಸಾಲು ಅದು. ನಿನಗೆ ಅದನ್ನ ಹೇಳಿದ ರಾತ್ರಿ ಕರೆಂಟ್ ಹೋಗಿತ್ತು, ಇದೇ ಚಾಪೆ ಮೇಲೆ, ನೀನು ನನ್ನ ಕೈ ಹಿಡ್ಕೊಂಡಿದ್ದೆ.

ಇಲ್ಲ, ಇಲ್ಲ, ಅಳಬೇಡ. ಜಗಳಕ್ಕೆ ಬಂದಿಲ್ಲ ನಾನು.

ನಮ್ಮ ಕೆಳಗಿನ ಮನೆ ಸುಭದ್ರಮ್ಮ ಸಂಕ್ರಾಂತಿಗೆ ಎಳ್ಳು ಕೊಡೋಕೆ ಬಂದು, ನನ್ನ ಗಲ್ಲ ಸವರಿ, ಎಷ್ಟು ಗಟ್ಟಿ ಜೀವ ಕಣಮ್ಮ ನಿಂದು ಅಂದ್ರು. ಟೂರಿನ ದಣಿವಿಗೆ ಅಂದ್ರೇನೋ ಅಂದ್ಕೊಂಡೆ. ಅವರು ಸಂಚಿಕೆ ಓದಿ ಮುಗಿಸಿ ಎರಡು ತಿಂಗಳಾಗಿತ್ತು. ಬೀದಿಗೆಲ್ಲ ಗೊತ್ತು, ನನಗೊಬ್ಬಳಿಗೆ ಮಳೆ ಬರಬೇಕಿತ್ತು. ನೀನು ಲೆಕ್ಕ ಹಾಕಿದ್ದೂ ಅದನ್ನೇ. ಮಳೆಗಾಲದ ಹೊತ್ತಿಗೆ ಇಲಿ ಅಂದ್ರಾಯ್ತು, ಇವಳಿಗೆ ತಿಳಿಯೋದೇ ಇಲ್ಲ ಅಂತ.

ಹೋಗ್ಲಿ. ನಮ್ಮಕ್ಕನ ಮಗಳು ಸೃಷ್ಟಿ ನಿನ್ನ ಹತ್ರ ಟ್ಯೂಷನ್‌ಗೆ ಬರ್ತಾಳಲ್ಲ... ನೋಡು, ನಿನ್ನ ಮುಂದೂ ಅಕ್ಕನ ಮಗಳು ಅಂತಲೇ ಬಾಯಿಗೆ ಬರುತ್ತೆ. ಹೆತ್ತು ಹದಿನಾಲ್ಕು ವರ್ಷದಿಂದ ಹಾಗೇ ಪಳಗಿಸಿದೀನಿ ನಾಲಿಗೇನ. ಲಿಂಗರಾಜಪುರದಲ್ಲಿ ಅವಳಿಗೆ ಅಮ್ಮ ಅಂದ್ರೆ ಅಕ್ಕ, ನಾನು ಚಿಕ್ಕಮ್ಮ. ಹಬ್ಬಕ್ಕೊಂದು ಸಲ ಬಟ್ಟೆ ತರೋ ಚಿಕ್ಕಮ್ಮ. ತಂದಿದ್ದು ಯಾವತ್ತೂ ಮೈಗೆ ಆಗಲ್ಲ, ಅಕ್ಕ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಹಾಕ್ತಾಳೆ. ಅದು ಹುಡುಗಿಗೂ ಗೊತ್ತು. ಮನೇಲಿ ಅದೇ ತಮಾಷೆ.

ದೀಪಾವಳಿ ಆದ್ಮೇಲೆ ಅವಳು ಫೋನಲ್ಲಿ ಚಿಕ್ಕಮ್ಮ ಅನ್ನೋದನ್ನ ಬಿಟ್ಟಳು. ಊಟ ಆಯ್ತಾ ಅಂತಾಳೆ, ಯಾವಾಗ ಬರೋದು ಅಂತಾಳೆ, ಇಡ್ತೀನಿ ಅಂತಾಳೆ. ಮಧ್ಯೆ ಒಂದು ಖಾಲಿ ಜಾಗ. ದೊಡ್ಡೋಳಾಗ್ತಿದಾಳೆ, ನಾಚಿಕೆ ಅಂದ್ಕೊಂಡೆ. ಈ ಬೇಸಿಗೆ ರಜಕ್ಕೆ ನನ್ನ ಮನೆಗೆ ಬರಲೂ ಇಲ್ಲ. ಬಿಸಿಲು ಜಾಸ್ತಿ ಅಂದಳಂತೆ. ಜೈಪುರದಿಂದ ಚೂಡಿದಾರ್ ತಂದಿದ್ದೆ. ಈ ಸಲ ಬೇಕಂತಲೇ ಒಂದಳತೆ ದೊಡ್ಡದು.

ಕಥೆ ವಿಚಾರ ಮಾತಾಡೋಕೆ ಬಂದೆ ಅಂದ್ಕೊಂಡ್ಯಾ? ನಿನ್ನ ಮೇಲಿನ ಕೋಪ ಇದ್ದೇ ಇರುತ್ತೆ, ಅದಕ್ಕೆ ಬೇಕಾದಷ್ಟು ಮಳೆಗಾಲ ಇದೆ. ಒಂದೇ ಒಂದು ಕೇಳಬೇಕು. ಸೃಷ್ಟಿ ಇದನ್ನ ಓದಿದಾಳಾ?

ಶೀತಲ್.

ಕಿಟಕಿ ಆಮೇಲೆ ಹಾಕು, ಎರಚಲು ಬಂದ್ರೆ ಬರಲಿ. ಈ ಕಡೆ ನೋಡು.

...ಇಲ್ಲೇ ಓದಿದಾಳೆ ಅಂತೀಯ. ಇದೇ ಚಾಪೆ ಮೇಲೆ. ಆ ಫ್ರಾಕಿನ ಸಾಲಿನ ಹತ್ರ ತಲೆ ಎತ್ತಿ, ಆಂಟಿ, ಇದು ಯಾರು ಅಂತ ಕೇಳಿದಾಳೆ.

ನೀನು ಏನಂದೆ? ಹೌದು ಅಂದ್ಯಾ? ಇಲ್ಲ ಅಂದ್ಯಾ?

ಓ. ಏನೂ ಅನ್ನಲಿಲ್ಲ.

ಈಗ ಕೂತಿದೀಯಲ್ಲ... ಅವತ್ತು ಅವಳ ಮುಂದೂ ನೀನು ಹೀಗೇ ಕೂತಿದ್ದೆ.