ನುಂಗುವ ಸದ್ದು

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಇದು ನಮ್ಮ ಪಕ್ಕದ ಮನೆಯ ಟೈಲರಕ್ಕನಿಗೇ ಆದದ್ದು.

ಆ ರಾತ್ರಿ ಅವಳು ಆಸ್ಪತ್ರೆಯಿಂದ ಒಬ್ಬಳೇ ನಡೆದು ಬರುತ್ತಿದ್ದಳು. ಸಿಟ್ಟಿಗೆ ಮೈಯೆಲ್ಲ ಉರಿ. ಮಗಳ ಟಾನ್ಸಿಲ್ ತೆಗೆಸಿ ವಾರವಾಗಿತ್ತು. ಅವತ್ತು ಸಂಜೆ ಮಗುವಿನ ಉಗುಳಿನಲ್ಲಿ ಕೆಂಪು ಕಂಡಿತು, ಆಸ್ಪತ್ರೆಯವರು ಫೋನ್ ಎತ್ತಲಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ತಾನೇ ಓಡಿದ್ದಳು. ಡ್ಯೂಟಿ ಡಾಕ್ಟರ್ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ.

"ಏನೂ ಆಗಲ್ಲಮ್ಮ. ರಕ್ತ ಹೋಗೋದು ಎಲ್ಲೋ ನೂರಕ್ಕೊಂದು ಮಗೂಗೆ. ಬೆಳಿಗ್ಗೆ ಬನ್ನಿ."

ಆ ಒಂದು ಮಗುವಿಗೆ ತಾಯಿ ಇರುವುದಿಲ್ಲವೇ? ಟೈಲರಕ್ಕ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದಳು.

ಹಾಳು ಬಾವಿಯ ಹತ್ತಿರ ಬಂದಾಗ... ಕಿರ್ರ್... ಕಿರ್ರ್... ಹಗ್ಗವೇ ಇಲ್ಲದ ರಾಟೆ ತಿರುಗಿತು.

ಕಟ್ಟೆಯ ಮೇಲೆ ಒಬ್ಬ ಹೆಂಗಸು. ಕೂದಲಿಂದ ತೊಟ್... ತೊಟ್... ನೀರು.

"ಮಗು ಮಲಗಿದ್ಯಾ?" ಪಿಸುದನಿ.

"ಮಲಗಿದೆ..."

"ನಿದ್ದೇಲಿ ನುಂಗ್ತಾ ಇದ್ಯಾ?"

ಟೈಲರಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ನಂದೂ ಹಾಗೇ... ನುಂಗ್ತಾ ನುಂಗ್ತಾ ಹೋಯ್ತು. ಮಲಗಲಿ ಬಿಡಿ ಅಂದಿದ್ರು, ಅದೇ ಆಸ್ಪತ್ರೆಯೋರು. ಓಡೇ... ಓಡು!"

ಎದ್ದೆನೋ ಬಿದ್ದೆನೋ ಅಂತ ಓಡಿದಳು. ಬಾಗಿಲಲ್ಲೇ ಅತ್ತೆ ತುಟಿಗೆ ಬೆರಳಿಟ್ಟರು.

"ಮೆಲ್ಲಗೆ ಬಾರೇ. ಉಗುಳು ನುಂಗೋಕೂ ಅಳ್ತಿದ್ಳಲ್ಲ, ಈಗ ನೋಡು, ಎಷ್ಟು ಸಲೀಸಾಗಿ ನುಂಗ್ತಿದ್ದಾಳೆ. ನೋವು ಇಳಿದಿದೆ."

ಕತ್ತಲಲ್ಲಿ ಕೇಳಿಸಿತು. ಗುಳುಕ್... ಗುಳುಕ್... ಗುಳುಕ್...

"ಅಯ್ಯೋ, ಅದು ಉಗುಳಲ್ಲ ಅತ್ತೆ!"

ದೀಪ ಹಾಕಿ ಬಾಯಿ ತೆರೆಸಿದರೆ ಬಾಯ್ತುಂಬ ರಕ್ತ. ಮಗು ನಿದ್ದೆಗಣ್ಣಲ್ಲೇ ತನ್ನ ರಕ್ತ ತಾನೇ ಕುಡಿಯುತ್ತಿತ್ತು.

ಆಟೋದಲ್ಲಿ ಮಗುವನ್ನು ಎದೆಗವುಚಿಕೊಂಡು ಟೈಲರಕ್ಕ ಒಂದೇ ಮಾತು ಹೇಳುತ್ತಿದ್ದಳಂತೆ. "ಆ ಡಾಕ್ಟರ್ ಕೆನ್ನೆಗೆ ಬಾರಿಸದೆ ಬಿಡಲ್ಲ... ಬಿಡಲ್ಲ..."

ಹೋಗಿ ನೋಡಿದರೆ ಆಪರೇಷನ್ ಥಿಯೇಟರಿನ ದೀಪ ಆಗಲೇ ಉರಿಯುತ್ತಿತ್ತು. ದೊಡ್ಡ ಡಾಕ್ಟರ್ ಬಂದಾಗಿತ್ತು. ನರ್ಸ್ ಸ್ಟ್ರೆಚರ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

"ಬೇಗ ಮಲಗಿಸಿ. ನಿಮ್ಮಕ್ಕ ಮುಂಚೇನೇ ಬಂದು ಕೂಗಾಡಿ ಹೋದ್ರು."

ಟೈಲರಕ್ಕನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ.

ಮಗು ಉಳಿಯಿತು. ಈಗ ಬೀದಿಯೆಲ್ಲ ಕೇಳುವ ಹಾಗೆ ಕಿರುಚಾಡುತ್ತದೆ, ಯಾರೂ ಬೈಯುವುದಿಲ್ಲ.

ಆ ಡ್ಯೂಟಿ ಡಾಕ್ಟರ್ ಅವತ್ತು ಗೋಡೆಗೊರಗಿ ನಿಂತಿದ್ದ. ಟೈಲರಕ್ಕ ಅವನ ಮೈ ಇನ್ನೂ ಮುಟ್ಟಿರಲಿಲ್ಲ. ಆದರೂ ಎಡಗೆನ್ನೆಯ ಮೇಲೆ ಐದು ಬೆರಳು ಎದ್ದಿದ್ದವು, ಕಾಲರಿಗೆಲ್ಲ ಹಸಿ ಪಾಚಿ. ಆ ಬೆರಳು ಇವತ್ತಿಗೂ ಮಾಸಿಲ್ಲ... ನಾನೇ ಕಣ್ಣಾರೆ ಕಂಡಿದ್ದೇನೆ.